ಚಿಕ್ಕ ಮನೆ, ದೊಡ್ಡ ಹಿತ್ತಿಲು

ಗಲ್ಫ್‌ನಲ್ಲಿರುವ ನಮ್ಮಂಥವರ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಬರುವ ಮಾತು ಒಂದೇ: ಊರಿಗೆ ಮರಳಿದ ಮೇಲೆ ಎಲ್ಲಿ ಇರುವುದು? ಶಾರ್ಜಾದಲ್ಲಿ ಹದಿನಾರು ವರ್ಷ ಬಾಡಿಗೆ ಕಟ್ಟಿದ ನಾವು ಗಂಡ ಹೆಂಡತಿ ಈ ಮಾತನ್ನು ಎಷ್ಟು ಸಲ ಆಡಿದ್ದೇವೋ ಲೆಕ್ಕವಿಲ್ಲ. ಮಂಗಳೂರಿನಲ್ಲಿ ಒಂದು ಮೂರು ಬೆಡ್‌ರೂಮಿನ ಫ್ಲ್ಯಾಟ್ ಎಂದು ಹೆಚ್ಚುಕಡಿಮೆ ತೀರ್ಮಾನವೂ ಆಗಿತ್ತು. ಕೊನೆಗೆ ಕೊಂಡದ್ದು ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಎಪ್ಪತ್ತು ವರ್ಷ ಹಳೆಯದಾದ, 720 ಚದರ ಅಡಿಯ ಹಂಚಿನ ಮನೆ. ಸುತ್ತ 59 ಸೆಂಟ್ಸ್ ಜಾಗ. ನೋಡಿದ ದಿನದಿಂದ ನೋಂದಣಿಯವರೆಗೆ ಹದಿನೈದು ತಿಂಗಳು ಹಿಡಿಯಿತು. ಆ ದಾರಿಯಲ್ಲಿ ಕಲಿತದ್ದು ಇನ್ನಾರಿಗಾದರೂ ಉಪಯೋಗವಾದೀತು ಎಂದು ಈ ಬರಹ.

ಮನೆ ನೋಡಿದ್ದು 2022ರ ಜುಲೈಯಲ್ಲಿ. ಮಕ್ಕಳ ಶಾಲೆಗೆ ರಜೆ ಸಿಗುವುದೇ ಆಗ, ಅಲ್ಲಿ ಜಡಿಮಳೆ. ಮಳೆಯಲ್ಲಿ ಮನೆ ನೋಡುವುದು ಕಷ್ಟ ಎನ್ನುತ್ತಾರೆ. ನಮಗೆ ಅದೇ ಒಳ್ಳೆಯದಾಯಿತು. ಹಂಚು ಎಲ್ಲಿ ಸೋರುತ್ತದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ, ಗೋಡೆ ಎಲ್ಲಿ ತೇವ ಹಿಡಿದಿದೆ, ಕಾರು ಎಲ್ಲಿಯವರೆಗೆ ಬರುತ್ತದೆ, ಎಲ್ಲವೂ ಕಣ್ಣೆದುರೇ ಇತ್ತು. ಮಳೆಗಾಲದಲ್ಲಿ ತಿಳಿಯದ ಸಂಗತಿ ಬಾವಿಯೊಂದೇ; ಜುಲೈಯಲ್ಲಿ ಯಾವ ಬಾವಿಯೂ ತುಂಬಿಯೇ ಇರುತ್ತದೆ. ಅದಕ್ಕೆಂದೇ ಮುಂದಿನ ಮೇ ತಿಂಗಳಲ್ಲಿ ನಮ್ಮಲ್ಲೊಬ್ಬರು ನಾಲ್ಕು ದಿನದ ರಜೆ ಹಾಕಿ ಹೋಗಿ ಇಣುಕಿ ಬಂದೆವು. ತಳದಲ್ಲಿ ನಾಲ್ಕಡಿ ನೀರಿತ್ತು.

"ಮನೆಗೆ ಬೆಲೆ ಇಲ್ಲ ಸರ್, ಜಾಗಕ್ಕೆ ಮಾತ್ರ. ಜೆಸಿಬಿ ತಂದರೆ ಅರ್ಧ ದಿನದ ಕೆಲಸ" ಎಂದ ಬ್ರೋಕರ್. ಒಳಗೆ ಚಾವಡಿಯಲ್ಲಿ ಕುಳಿತಿದ್ದ ಮನೆಯ ಯಜಮಾನಿ ಅಮ್ಮನಿಗೆ ಅದು ಕೇಳಿಸಿತು. ಬೆಲ್ಲ ನೀರು ಕೊಟ್ಟು, "ಕೆಡವುತ್ತೀರಾ?" ಎಂದಷ್ಟೇ ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಈಗಲೇ ಹೇಳಲಾರೆವು ಅಮ್ಮ. ಒಂದು ಮಳೆಗಾಲ ಇದ್ದು ನೋಡುತ್ತೇವೆ" ಎಂದೆವು.

ಬ್ರೋಕರ್ ಬೇಲಿಯೊಳಗೆ 80 ಸೆಂಟ್ಸ್ ಇದೆ ಎಂದಿದ್ದ. ಪಹಣಿಯಲ್ಲಿ ಇದ್ದದ್ದು 62. ಉಳಿದದ್ದು ಕುಮ್ಕಿ, ಅಂದರೆ ಸರ್ಕಾರಿ ಜಾಗ. ನಮ್ಮ ಕರಾವಳಿಯಲ್ಲಿ ಪಟ್ಟಾ ಜಾಗಕ್ಕೆ ತಾಗಿದ ಕುಮ್ಕಿಯಿಂದ ಸೊಪ್ಪು ಸೌದೆ ತರುವ ಸವಲತ್ತು ಹಿಂದಿನಿಂದ ಇದೆ. ಅದು ಒಡೆತನವಲ್ಲ, ಮಾರಲು ಬರುವುದಿಲ್ಲ. ಬೇಲಿ ನೋಡಿ ಬೆಲೆ ಕಟ್ಟಿದ್ದರೆ ನಮ್ಮದಾಗದ 18 ಸೆಂಟ್ಸ್‌ಗೂ ಹಣ ತೆರುತ್ತಿದ್ದೆವು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 62ರಲ್ಲಿ ಮನೆ ಇರುವ 15 ಸೆಂಟ್ಸ್ ಮಾತ್ರ ಭೂಪರಿವರ್ತನೆ ಆಗಿತ್ತು. ಉಳಿದದ್ದು ಕೃಷಿ ಜಮೀನು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ನಾವೂ ನಂಬಿದ್ದೆವು. ಆದರೆ ಅನಿವಾಸಿಗಳಿಗೆ ಅದರ ಮೇಲೆ ಕೇಂದ್ರದ ಫೆಮಾ ಕಾನೂನು ಇದೆ. ವಾಸದ ಮನೆ, ವಾಣಿಜ್ಯ ಕಟ್ಟಡ ಕೊಳ್ಳಲು ಅಡ್ಡಿಯಿಲ್ಲ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ದೊಡ್ಡ ಹಿತ್ತಿಲಿರುವ ಹಳೆಯ ಮನೆಗಳಲ್ಲಿ ಹೆಚ್ಚಿನವು ಈ ಗಂಟಿನಲ್ಲಿ ಸಿಕ್ಕಿಕೊಂಡಿರುತ್ತವೆ.

"ಅಣ್ಣನ ಹೆಸರಲ್ಲಿ ಮಾಡಿಸಿ ಬಿಡಿ, ಎಲ್ಲರೂ ಹಾಗೇ ಮಾಡುವುದು" ಎಂಬ ಸಲಹೆ ಬಂತು. ಊರಿನಲ್ಲಿರುವ ಅಣ್ಣನೇ ಒಪ್ಪಲಿಲ್ಲ. "ನಮ್ಮಿಬ್ಬರ ನಡುವೆ ಏನೂ ಇಲ್ಲ. ನಾಳೆ ಮಕ್ಕಳ ಕಾಲಕ್ಕೆ ಜಗಳ ಯಾಕೆ?" ಎಂದರು. ಅಂಥ ಜಗಳದಲ್ಲಿ ಜಾಗವನ್ನೂ ತಮ್ಮನನ್ನೂ ಕಳೆದುಕೊಂಡವರು ನಮ್ಮ ಪರಿಚಯದಲ್ಲೇ ಇದ್ದಾರೆ. ಕೊನೆಗೆ ವಕೀಲರು ಹೇಳಿದ ದಾರಿ ಹಿಡಿದೆವು: ಮಾರುವವರೇ ಮೊದಲು ಉಳಿದ ಜಾಗವನ್ನು ವಾಸದ ಉದ್ದೇಶಕ್ಕೆ ಪರಿವರ್ತಿಸಿಕೊಳ್ಳುವುದು, ಅದು ಮಂಜೂರಾದರೆ ಮಾತ್ರ ಕ್ರಯ. ಕರಾರು ಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಬರೆಸಿದ ಮೇಲೆಯೇ ಮುಂಗಡ ಕೊಟ್ಟೆವು.

ಅರ್ಜಿ ಹಾಕಬೇಕಾದರೆ ಪಹಣಿ ಈಗಿನವರ ಹೆಸರಿಗೆ ಬರಬೇಕಲ್ಲ? ಅದು ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಬೇಕಾಯಿತು. ವಾರಸುದಾರರು ಐವರು: ಅಮ್ಮ, ಮುಂಬೈಯಲ್ಲಿರುವ ಹಿರಿಯ ಮಗ, ಮಸ್ಕತ್‌ನ ಕಿರಿಯ ಮಗ, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು. "ಹೆಣ್ಣುಮಕ್ಕಳ ಸಹಿ ಬೇಡ" ಎಂದ ಬ್ರೋಕರನ ಮಾತು ತಪ್ಪು. ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಪಾಲು. ಐವರ ಸಹಿಯೂ ಆಯಿತು.

ಮಸ್ಕತ್‌ನ ಮಗನಿಂದ ಇನ್ನೊಂದು ಪಾಠ. ಮಾರುವವರು ಭಾರತದಲ್ಲೇ ಇರುವವರಾಗಿ, ಮೊತ್ತ 50 ಲಕ್ಷ ರೂಪಾಯಿ ಮುಟ್ಟಿದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿಯಬೇಕು. ಮಾರುವವರು ಅನಿವಾಸಿಯಾದರೆ ನಿಯಮವೇ ಬೇರೆ, ಹಿಡಿಯುವ ತೆರಿಗೆಯೂ ಬಹಳ ಹೆಚ್ಚು. ಅವರ ಪಾಲಿಗೆ ಲೆಕ್ಕ ಪರಿಶೋಧಕರ ನೆರವಿನಿಂದ ಬೇರೆಯೇ ಲೆಕ್ಕ ಹಾಕಬೇಕಾಯಿತು. ಹಿಡಿಯದೆ ಬಿಟ್ಟಿದ್ದರೆ ನೋಟಿಸ್ ಬರುವುದು ಕೊಂಡ ನಮಗೆ. ಹಣವೆಲ್ಲ ನಮ್ಮ ಎನ್‌ಆರ್‌ಇ ಖಾತೆಯಿಂದಲೇ ಹೋಯಿತು. ಒಂದು ರೂಪಾಯಿಯೂ ನಗದಿಲ್ಲ. ಅಣ್ಣನಿಗೆ ಕೊಟ್ಟ ಅಧಿಕಾರ ಪತ್ರವನ್ನು ದುಬೈಯ ಭಾರತೀಯ ಕಾನ್ಸುಲೇಟ್ ಮೂಲಕ ದೃಢೀಕರಿಸಿದೆವು. ಅಂಥ ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಮರೆಯಬಾರದು.

ಭೂಪರಿವರ್ತನೆಯ ಕಡತ ತಿಂಗಳುಗಟ್ಟಲೆ ನಿಂತಿತು. ನಡುವೆ ಬೇರೊಬ್ಬರು ಬಂದು ಹೆಚ್ಚು ಬೆಲೆ ಹೇಳಿದರು. ಹಿರಿಯ ಮಗನ ಮನಸ್ಸು ಅತ್ತ ವಾಲಿತು. ಆ ವಾರ ನಮಗೆ ನಿದ್ದೆಯಿಲ್ಲ. ಅಮ್ಮ ಮಗನಿಗೆ, "ಅವರಿಗೆ ಮಾತು ಕೊಟ್ಟಾಗಿದೆ" ಎಂದರಂತೆ. ಅವರು ನಮ್ಮಿಂದ ಕೇಳಿದ್ದು ಒಂದೇ. ಹಿತ್ತಿಲ ಮೂಲೆಯಲ್ಲಿ ಕುಟುಂಬದ ನಾಗಬನವಿದೆ. ವರ್ಷಕ್ಕೊಮ್ಮೆ ಬಂದು ತನು ಎರೆಯಲು ದಾರಿ ಬೇಕು. ಬಾಯಿಮಾತಿನಲ್ಲಿ ಬಿಡಲಿಲ್ಲ. ಬನದ 3 ಸೆಂಟ್ಸ್ ಅನ್ನು ನಕ್ಷೆಯಲ್ಲೇ ಬೇರೆ ಮಾಡಿ ಅವರಿಗೆ ಉಳಿಸಿ, ಅಲ್ಲಿಗೆ ಹೋಗುವ ದಾರಿಯ ಹಕ್ಕನ್ನು ಕ್ರಯಪತ್ರದಲ್ಲಿ ಬರೆಸಿದೆವು. 2023ರ ಅಕ್ಟೋಬರ್‌ನಲ್ಲಿ ನೋಂದಣಿಯಾಯಿತು. ಪಂಚಾಯತ್‌ನ 9/11 ಖಾತೆ ನಮ್ಮ ಹೆಸರಿಗೆ ಬಂದ ದಿನ ಸಿಹಿ ಹಂಚಿದೆವು.

ಆಮೇಲೆ ಮನೆಯ ಸರದಿ. ಊರಿನ ಆಚಾರಿಯವರು ಉಳಿಯ ಹಿಡಿಯಿಂದ ಒಂದೊಂದೇ ಮರ ಬಡಿದು ನೋಡಿ, "ಪಕ್ಕಾಸು ಗಟ್ಟಿ ಇದೆ, ರೀಪು ಮಾತ್ರ ಬದಲಿಸಿ" ಎಂದರು. ಹಲಸಿನ ಮರದ ಪಕ್ಕಾಸು. ಗೆದ್ದಲು ಹಿಡಿದದ್ದು ಎರಡಕ್ಕೆ ಮಾತ್ರ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳೇ ಬದಲಾದವು. ನಮ್ಮ ಮಾಡಿನ ಹಂಚುಗಳ ಬೆನ್ನಿನಲ್ಲೂ ಮಂಗಳೂರಿನ ಮುದ್ರೆ ಇದೆ. ಇಳಿಸಿ, ತೊಳೆದು, ಒಡೆದವನ್ನು ಬಿಟ್ಟು ಉಳಿದವನ್ನೇ ಮತ್ತೆ ಹೊದಿಸಿದೆವು. ಮುರಕಲ್ಲಿನ ಗೋಡೆಗೆ ಹಿಂದೆ ಯಾರೋ ಬಳಿದ ಸಿಮೆಂಟ್ ಗಾರೆ ತೇವವನ್ನು ಒಳಗೇ ಹಿಡಿದಿಟ್ಟಿತ್ತು. ಅದನ್ನು ಕೆತ್ತಿ ಸುಣ್ಣದ ಗಾರೆ ಹಾಕಿಸಿದೆವು. ವೈರಿಂಗ್ ಪೂರ್ತಿ ಹೊಸದು. ಬಚ್ಚಲನ್ನು ಮನೆಗೆ ಸೇರಿಸಿದೆವು. ಅಷ್ಟೇ.

2024ರ ರಜೆಯಲ್ಲಿ ನಾಲ್ವರೂ ಐದು ವಾರ ಅಲ್ಲಿದ್ದೆವು. ಮೊದಲ ವಾರ ಮಕ್ಕಳಿಗೆ ಕಪ್ಪೆಯ ಸದ್ದಿನಿಂದ ನಿದ್ದೆ ಬರಲಿಲ್ಲ; ಮೂರನೇ ವಾರ ಎಬ್ಬಿಸಿದರೂ ಏಳಲಿಲ್ಲ. ಎರಡು ಕೋಣೆ ಸಾಕಾಯಿತು, ಏಕೆಂದರೆ ಹಗಲೆಲ್ಲ ಯಾರೂ ಕೋಣೆಯಲ್ಲಿರಲಿಲ್ಲ. ಜಗಲಿಯಲ್ಲೋ, ಬಾವಿಕಟ್ಟೆಯ ಹತ್ತಿರವೋ, ಹಲಸಿನ ಮರದ ಬುಡದಲ್ಲೋ ಇರುತ್ತಿದ್ದೆವು. ದೊಡ್ಡ ಮನೆಯ ನಕ್ಷೆಯೊಂದನ್ನು ಬರೆಸಿಟ್ಟಿದ್ದೆವು. ಅದು ಶಾರ್ಜಾದ ಕಪಾಟಿನಲ್ಲೇ ಉಳಿದಿದೆ.

ನಾಗರ ಪಂಚಮಿಯ ಬೆಳಿಗ್ಗೆ ಅಮ್ಮ ಹೆಣ್ಣುಮಕ್ಕಳೊಂದಿಗೆ ಬಂದರು. ಬನದಲ್ಲಿ ತನು ಎರೆದು ಹಿಂದೆ ಬರುವಾಗ ಅಂಗಳದಲ್ಲಿ ನಿಂತು ಮಾಡನ್ನೊಮ್ಮೆ ನೋಡಿದರು. ಒಳಗೆ ಬಂದು ಚಾವಡಿಯ ಹಳೆಯ ಜಾಗದಲ್ಲೇ ಕುಳಿತರು. ಈ ಸಲ ಬೆಲ್ಲ ನೀರು ಕೊಟ್ಟದ್ದು ನಾವು.