ಹಳೇ ವಿಟೆಕ್ ಮಾರುವ ಮುನ್ನ

ಶಿರಾ ಗೇಟ್ ಕಡೆ ಸೆಕೆಂಡ್ ಹ್ಯಾಂಡ್ ಕಾರಿನ ಮಾತೆತ್ತಿದರೆ ಬ್ರೋಕರ್ ಬಾಯಿಂದ ಮೊದಲು ಬರುವುದು ‘ಯಾವ ಮಾಡೆಲ್ಲು ಸಾರ್?’ ಎಂಬ ಪ್ರಶ್ನೆ. 2002 ಎಂದಿರೋ, ಮಾತು ಸೀದಾ ಗುಜರಿ ರೇಟಿಗೆ ಇಳಿಯುತ್ತದೆ. ಅದು ಹೋಂಡಾ ಸಿಟಿ ವಿಟೆಕ್, ಸಿಂಗಲ್ ಓನರ್ ಎಂದರೂ ಅವರಿಗೆ ಅದು ಇಪ್ಪತ್ತು ದಾಟಿದ ಗಾಡಿ, ಅಷ್ಟೇ. ಅವರದೂ ತಪ್ಪಲ್ಲ, ಬೇಗ ಕೈ ಬದಲಾಗುವ ಸರಕೇ ಅವರಿಗೆ ಬೇಕು. ಜತನದಿಂದ ಕಾಪಾಡಿಕೊಂಡ ವಿಟೆಕ್ ಅನ್ನು ಮಾತ್ರ ಬಲ್ಲವರಿಗೆ ನೇರವಾಗಿ ಮಾರುವುದೇ ಸರಿ.

ಜಪಾನಿನ ಸುಪ್ರಾ, ಸ್ಕೈಲೈನ್ ಕಾರುಗಳನ್ನು ನಮ್ಮ ಹುಡುಗರು ನೋಡಿದ್ದು ಸಿನಿಮಾದಲ್ಲೇ ಹೆಚ್ಚು. ಇಲ್ಲಿ ವೇಗದ ಹುಚ್ಚು ಹಿಡಿಸಿದ್ದು 2000ದಲ್ಲಿ ಬಂದ ಈ ವಿಟೆಕ್. 1.5 ಲೀಟರ್ ಎಂಜಿನ್, 106 ಬಿಎಚ್‌ಪಿ. ಮಾರುತಿ 800 ಆಗ ನಲವತ್ತರ ಆಸುಪಾಸಿನಲ್ಲಿತ್ತು! ವಿಟೆಕ್‌ನಲ್ಲಿ ಆರ್‌ಪಿಎಂ ಏರಿದಾಗ ಎಂಜಿನ್ ಆಯಿಲ್‌ನ ಒತ್ತಡಕ್ಕೆ ಒಳಗಿನ ಪಿನ್‌ಗಳು ಸರಿದು, ವಾಲ್ವ್‌ಗಳು ಹೆಚ್ಚು ತೆರೆಯುತ್ತವೆ. ಸದ್ದು ಬದಲಾಗಿ ಗಾಡಿ ಮುನ್ನುಗ್ಗುತ್ತದೆ. ಹಾಗಾಗಿ ಬಲ್ಲ ಗಿರಾಕಿ ಪಾಲಿಶ್ ನೋಡುವುದಿಲ್ಲ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡುತ್ತಾನೆ, ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳುತ್ತಾನೆ, ಬಾನೆಟ್ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತು ಇದೆಯೇ ಎಂದು ಬಗ್ಗಿ ಹುಡುಕುತ್ತಾನೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೆಳಗೂ ಕೈಯಾಡಿಸುತ್ತಾನೆ. ಹಳೇ ಸರ್ವಿಸ್ ಬಿಲ್‌ಗಳ ಫೈಲ್ ಇದ್ದರೆ ಅರ್ಧ ವ್ಯಾಪಾರ ಮುಗಿದಂತೆ. ಹೊಸ ಅಲಾಯ್, ಗುಡುಗುವ ಸೈಲೆನ್ಸರ್‌ಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಕಂಪನಿ ಫಿಟ್ಟಿಂಗ್‌ಗೇ ಬೆಲೆ.

ಟೆಸ್ಟ್ ಡ್ರೈವ್‌ಗೆ ಹೈವೇಗೆ ಹೋಗುವುದಾದರೆ ಲೈಸೆನ್ಸ್ ನೋಡಿ, ನೀವೂ ಪಕ್ಕದಲ್ಲಿ ಕೂರಿ.

ಎಡವುವುದು ಕಾಗದದಲ್ಲಿ. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ಮುಗಿಯುತ್ತ ಬಂದಿದ್ದರೆ ಗಿರಾಕಿ ಆ ಖರ್ಚು ಮುರಿದುಕೊಂಡೇ ರೇಟು ಹೇಳುತ್ತಾನೆ. ಹಳೇ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಫಾರಂ 35 ಕೊಟ್ಟು ತೆಗೆಸಿ. ಮಾರಾಟಕ್ಕೆ ಫಾರಂ 29, 30. ಬೇರೆ ರಾಜ್ಯಕ್ಕೆ ಹೋಗುವ ಗಾಡಿಯಾದರೆ ಎನ್‌ಒಸಿಗೆ ಫಾರಂ 28. ರಾಜ್ಯದೊಳಗಿನ ಮಾರಾಟವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸುವ ಹೊಣೆ ಮಾರಿದವರದು.

‘ಆಮೇಲೆ ಮಾಡಿಸ್ಕೋತೀನಿ ಬಿಡಿ ಅಣ್ಣ’ ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಕಾರು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್ ನಿಮ್ಮದು, ಕಾರಿನದಲ್ಲ. ಪತ್ರ ಪಡೆದು ಮುಂದಿನ ಕಾರಿಗೆ ಬಳಸಿಕೊಳ್ಳಿ. ಕೀ ಕೊಡುವ ದಿನವೇ ಫಾಸ್ಟ್ಯಾಗ್ ಕೂಡ ಮುಚ್ಚಿಸಿ. ಇಲ್ಲದಿದ್ದರೆ ಹೊಸ ಮಾಲೀಕ ಶಿರಾ ದಾರಿಯ ಟೋಲ್ ದಾಟಿದಾಗಲೆಲ್ಲ ದುಡ್ಡು ನಿಮ್ಮ ಖಾತೆಯಿಂದಲೇ ಹೋಗುತ್ತದೆ.