ನಿಮಗಿದು ಗೊತ್ತೇ? – ಕಲ್ಯಾಣದ ಸಂತೆಗೆ ಚಿತ್ರ ಬರೆದ ಚೀಲ

● ಕಿರಾಣಿ ಅಂಗಡಿಯಿಂದ ಖಾಲಿ ಕಾಗದದ ಚೀಲ ಶಾಲೆಗೆ ಬರುತ್ತದೆ. ಮಕ್ಕಳು ಅದರ ಮೇಲೆ ಗಿಡ, ಹಕ್ಕಿ, ಕೆರೆ ಬರೆದು ಬಣ್ಣ ತುಂಬುತ್ತಾರೆ. ಚೀಲ ಮತ್ತೆ ಅದೇ ಅಂಗಡಿಗೆ ಹೋಗುತ್ತದೆ, ಗೊತ್ತುಮಾಡಿದ ದಿನ ಅಂಗಡಿಯವರು ಅದರಲ್ಲೇ ಸಾಮಾನು ತುಂಬಿ ಗಿರಾಕಿಯ ಕೈಗೆ ಕೊಡುತ್ತಾರೆ. ಇಷ್ಟೇ ಸರಳವಾದ ಈ ಯೋಜನೆ ಹುಟ್ಟಿದ್ದು 1994ರಲ್ಲಿ, ಅಮೆರಿಕದ ಸಿಯಾಟಲ್ ನಗರದಲ್ಲಿ. ಆರ್ಬರ್ ಹೈಟ್ಸ್ ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದ ಮಾರ್ಕ್ ಆಲ್ನೆಸ್ ಅದನ್ನು ಆರಂಭಿಸಿದರು. ಚಂದಾ ಎತ್ತಬೇಕಿಲ್ಲ, ಪೆಂಡಾಲು ಹಾಕಬೇಕಿಲ್ಲ, ಅತಿಥಿಗಳಿಗೆ ಶಾಲು ಹೊದಿಸಬೇಕಿಲ್ಲ. ನಮ್ಮಲ್ಲಿ ಇದು ಅಷ್ಟಾಗಿ ಹಬ್ಬದಿರುವುದಕ್ಕೆ ಬಹುಶಃ ಅದೇ ಕಾರಣ!

● ಅಲ್ಲಿ ಆ ಚೀಲ ಹಂಚುವುದು ಏಪ್ರಿಲ್ 22ರ ಭೂ ದಿನದಂದು. ಆ ತಾರೀಖು ಹೇಗೆ ಬಂತು ಗೊತ್ತೇ? 1970ರಲ್ಲಿ ಮೊದಲ ಭೂ ದಿನ ಮಾಡಿದಾಗ ಕಾಲೇಜು ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ಬರಲಿ ಎಂದು, ಅವರ ವಸಂತದ ರಜೆ ಮುಗಿದು ಪರೀಕ್ಷೆ ಇನ್ನೂ ಶುರುವಾಗದ ದಿನವನ್ನು ಆರಿಸಿದ್ದರು. ಅಂದರೆ ಅದು ಅವರ ವೇಳಾಪಟ್ಟಿ ನೋಡಿ ಇಟ್ಟ ದಿನ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಏಪ್ರಿಲ್ 22ಕ್ಕೆ ಶಾಲೆಗೆ ಬೀಗ ಬಿದ್ದಿರುತ್ತದೆ, ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ, ಮಕ್ಕಳು ಅಜ್ಜಿಯ ಊರಲ್ಲಿರುತ್ತಾರೆ. ನಮ್ಮ ದಿನವನ್ನು ನಾವೇ ಹುಡುಕಿಕೊಳ್ಳಬೇಕು.

● ಜೂನ್ 5 ವಿಶ್ವ ಪರಿಸರ ದಿನ. ಜುಲೈ 3 ಅಂತರರಾಷ್ಟ್ರೀಯ ಪ್ಲಾಸ್ಟಿಕ್ ಚೀಲ ಮುಕ್ತ ದಿನ. ಜುಲೈ 12 ವಿಶ್ವ ಕಾಗದ ಚೀಲ ದಿನ. ಮೂರೂ ನಮ್ಮ ಶಾಲೆಗಳು ನಡೆಯುವ ಕಾಲದಲ್ಲೇ ಬರುತ್ತವೆ. ಆದರೆ ಅದು ಮಳೆಗಾಲ! ಕಾಗದದ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧ ನೀರು ತಾಗಿದೊಡನೆ ಸಡಿಲವಾಗುತ್ತದೆ. ಎರಡು ಕಿಲೋ ತೊಗರಿಬೇಳೆ ಹೊತ್ತ ಕಾಗದದ ಚೀಲ ಜುಲೈ ಮಳೆಯಲ್ಲಿ ಮನೆ ಮುಟ್ಟುವ ಭರವಸೆ ಇಲ್ಲ. ಹಾಗಾದರೆ ಯಾವ ದಿನ? ಆ ಮಾತಿಗೆ ಆಮೇಲೆ ಬರೋಣ.

● ಬಸವಕಲ್ಯಾಣಕ್ಕೂ ಚೀಲ, ಬುಟ್ಟಿ, ಹಗ್ಗಗಳಿಗೂ ನಂಟು ಇಂದಿನದಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರ ಸುತ್ತ ಸೇರಿದ ಶರಣರಲ್ಲಿ ಮೇದಾರ ಕೇತಯ್ಯ ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುತ್ತಿದ್ದ. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ. ಸತ್ಯಕ್ಕ ಕಸ ಗುಡಿಸುತ್ತಿದ್ದಳು. ಇವರು ಮೂವರೂ ವಚನಕಾರರು. ಸಾಮಾನು ಹೊರುವ ಬುಟ್ಟಿ ಹೆಣೆದವನಿಗೂ ಕಸ ಗುಡಿಸಿದವಳಿಗೂ ನಮ್ಮ ಸಾಹಿತ್ಯದಲ್ಲಿ ಪೀಠ ಸಿಕ್ಕ ಊರು ಇದು.

● ನುಲಿಯ ಚಂದಯ್ಯನ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಆತ ಹುಡುಕಲಿಲ್ಲ, ಹುಲ್ಲಿನ ಹೊರೆ ಕಟ್ಟಿಕೊಂಡು ಹೊರಟೇಬಿಟ್ಟ. ಲಿಂಗವೇ ಬೆನ್ನು ಹತ್ತಿ ಬಂದರೂ ಸುಲಭಕ್ಕೆ ಒಪ್ಪಲಿಲ್ಲ, ಕೊನೆಗೆ ಲಿಂಗಕ್ಕೂ ಕಾಯಕ ಹಚ್ಚಿದ. ಅವನ ಹೆಸರಿನ ಗವಿ ಬಸವಕಲ್ಯಾಣದಲ್ಲಿ ಇಂದಿಗೂ ಇದೆ. ನಮ್ಮಲ್ಲಿ ಚೀಲವನ್ನೂ ಮಕ್ಕಳೇ ಮಾಡಲಿ. ಅದಕ್ಕೆ ಹಿಡಿಕೆ ಹೊಸೆಯುವವರನ್ನು ಒಮ್ಮೆ ಅಲ್ಲಿಗೆ ಕರೆದೊಯ್ದರೆ ಪರಿಸರ, ಇತಿಹಾಸ, ಕನ್ನಡ ಮೂರೂ ತರಗತಿ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತವೆ.

● ಬೇಕಾದಷ್ಟೇ ತೆಗೆದುಕೊಳ್ಳಬೇಕು ಎಂಬ ಪರಿಸರದ ಪಾಠಕ್ಕೆ ಆಯ್ದಕ್ಕಿ ಲಕ್ಕಮ್ಮನಿಗಿಂತ ಒಳ್ಳೆಯ ಚಿತ್ರ ಸಿಗಲಾರದು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಪರಿಸರದ ಚಿತ್ರ ಎಂದೊಡನೆ ನಮ್ಮ ಮಕ್ಕಳು ಎರಡು ಕೈಗಳ ನಡುವೆ ಭೂಗೋಳ ಬರೆಯುತ್ತಾರೆ. ಅದರ ಬದಲು ಅಕ್ಕಿ ಹಿಂದಿರುಗಿಸುವ ಈ ಜೋಡಿಯನ್ನು ಬರೆದರೆ ಗಿರಾಕಿ ಖಂಡಿತ ಎರಡನೇ ಸಲ ನೋಡುತ್ತಾನೆ.

● ಬಸವ ಜಯಂತಿ ಬರುವುದು ಅಕ್ಷಯ ತೃತೀಯದಂದು. 2023ರಲ್ಲಿ ಆ ತಿಥಿ ಆರಂಭವಾದದ್ದು ಏಪ್ರಿಲ್ 22ಕ್ಕೇ, ಭೂ ದಿನದಂದೇ. ಆದರೆ ಅದೂ ಬೇಸಿಗೆ ರಜೆಯಲ್ಲೇ.

● ಮಕ್ಕಳ ಬಣ್ಣದ ಡಬ್ಬಿಗೂ ಕಲ್ಯಾಣದಲ್ಲಿ ಒಬ್ಬ ರಾಜಗುರು ಇದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಅರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶ ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಅದನ್ನು ಕರೆಯುತ್ತಾರೆ. ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇರುವ ಅದರಲ್ಲಿ ಚಿತ್ರಕಲೆಗೂ ಒಂದು ಭಾಗವಿದೆ. ಗೋಡೆ ಹದ ಮಾಡುವುದು ಹೇಗೆ, ಎಮ್ಮೆಯ ಚರ್ಮ ಕುದಿಸಿ ವಜ್ರಲೇಪ ಎಂಬ ಅಂಟು ತೆಗೆಯುವುದು ಹೇಗೆ, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವುದು ಹೇಗೆ ಎಂಬುದನ್ನೆಲ್ಲ ದೊರೆ ಬರೆದಿಟ್ಟಿದ್ದಾನೆ. ಬಿಳಿಗೆ ಶಂಖ, ಕೆಂಪಿಗೆ ಅರಗಿನ ರಸ, ಕಪ್ಪಿಗೆ ಕಾಡಿಗೆ. ಸ್ಕೆಚ್ ಪೆನ್ ಇಲ್ಲದ ಶಾಲೆಯಲ್ಲೂ ಕಾಡಿಗೆ, ಕೆಮ್ಮಣ್ಣು ಸಿಗುತ್ತವೆ. ಅರಿಶಿನಕ್ಕೆ ಸುಣ್ಣದ ತಿಳಿ ಬೆರೆಸಿದರೆ ಕೆಂಪಾಗುವುದನ್ನು ಓಕುಳಿ ಆಡಿದ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ.

● ಕಾಗದದ ಚೀಲ ಎಂದರೆ ಪರಿಸರಕ್ಕೆ ಪೂರಾ ಒಳ್ಳೆಯದು ಎಂದುಕೊಂಡಿದ್ದೀರಾ? 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರಿಸರ ಸಂಸ್ಥೆಯ ವರದಿಯ ಲೆಕ್ಕ ಕೇಳಿ. ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನಕ್ಕೆ ಕಡಿಮೆ ಹೊರೆಯಾಗಬೇಕಾದರೆ ಕಾಗದದ ಚೀಲವನ್ನು ಕನಿಷ್ಠ 3 ಸಲ ಬಳಸಬೇಕು. ಹತ್ತಿಬಟ್ಟೆಯ ಚೀಲವನ್ನು 131 ಸಲ! ಇದು ತಯಾರಿಕೆ, ಸಾಗಣೆಗಳ ಲೆಕ್ಕ. ಚರಂಡಿ ಕಟ್ಟಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಇದರಲ್ಲಿ ಇಲ್ಲ. ಬೀದಿ ದನ ನುಂಗಿದ ಪ್ಲಾಸ್ಟಿಕ್ ಮೊದಲ ಹೊಟ್ಟೆಯಲ್ಲೇ ಕೂತು ಗಂಟಾಗುತ್ತದೆ, ಕರಗುವುದಿಲ್ಲ. ಪಶುವೈದ್ಯರು ಹೊಟ್ಟೆ ಕೊಯ್ದೇ ತೆಗೆಯಬೇಕು.

● ಕಾಗದದ ಚೀಲವನ್ನು ಮತ್ತೆ ಮತ್ತೆ ಬಳಸುವಂತೆ ಮಾಡುವುದೇ ಚಿತ್ರದ ಕೆಲಸ. ಕಂದು ಬಣ್ಣದ ಬೋಳು ಚೀಲ ಮನೆಗೆ ಬಂದ ದಿನವೇ ಒಲೆಗೋ ಕಸಕ್ಕೋ ಹೋಗುತ್ತದೆ. ಪಕ್ಕದ ಮನೆಯ ಹುಡುಗಿ ಬರೆದ ನವಿಲು ಇರುವ ಚೀಲವನ್ನು ಎಸೆಯಲು ಯಾವ ಅಮ್ಮನಿಗೂ ಕೈ ಬರುವುದಿಲ್ಲ. ಅದು ಮೊಳೆಗೆ ನೇತುಬೀಳುತ್ತದೆ, ಮತ್ತೆ ಸಂತೆಗೆ ಹೋಗುತ್ತದೆ. ಆ ವರದಿ ಕೇಳುವ ಮೂರು ಸಲದ ಬಳಕೆಯನ್ನು ದಂಡ, ಭಾಷಣ ಮಾಡಿಸಲಾರವು, ಒಂದು ನವಿಲು ಮಾಡಿಸೀತು ಎಂಬುದು ಈ ಅಂಕಣಕಾರನ ಖಚಿತ ಅಭಿಪ್ರಾಯ.

● ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಕಂಡುಹಿಡಿದವನ ಉದ್ದೇಶ ಮರ ಉಳಿಸುವುದಾಗಿತ್ತಂತೆ! ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ 1960ರ ದಶಕದಲ್ಲಿ ಅದನ್ನು ರೂಪಿಸಿದ. ಕಾಗದದ ಚೀಲಕ್ಕಾಗಿ ಕಾಡು ಕಡಿಯುವುದು ತಪ್ಪಲಿ, ಜನ ಇದನ್ನು ಮಡಚಿ ಜೇಬಿನಲ್ಲಿಟ್ಟು ಮತ್ತೆ ಮತ್ತೆ ಬಳಸಲಿ ಎಂದು ತಂದೆ ಬಯಸಿದ್ದರು ಎಂದು ಅವನ ಮಗ ಹೇಳಿದ್ದಾನೆ.

● ತಳ ಚಪ್ಪಟೆಯಾಗಿ ನೆಟ್ಟಗೆ ನಿಲ್ಲುವ ಕಾಗದದ ಚೀಲ ಮಾಡುವ ಯಂತ್ರಕ್ಕೆ 1871ರಲ್ಲಿ ಪೇಟೆಂಟ್ ಪಡೆದವಳು ಅಮೆರಿಕದ ಕಾರ್ಮಿಕ ಹೆಣ್ಣು ಮಾರ್ಗರೆಟ್ ನೈಟ್. ಅವಳ ಮಾದರಿ ನೋಡಿಹೋದ ಒಬ್ಬಾತ ತನ್ನದೇ ಎಂದು ಅರ್ಜಿ ಹಾಕಿದ್ದ. ಅವಳು ತನ್ನ ನಕ್ಷೆ, ಟಿಪ್ಪಣಿಗಳನ್ನು ಹಿಡಿದು ವಾದಿಸಿ ಗೆದ್ದಳು.

● ಕಾಗದಕ್ಕೂ ಒಂದು ಕಹಿ ಇತಿಹಾಸವಿದೆ, ಅದೂ ಕರ್ನಾಟಕದ್ದೇ. ಉತ್ತರ ಕನ್ನಡದ ದಾಂಡೇಲಿಯ ಕಾಗದ ಕಾರ್ಖಾನೆಗೆ ಆರಂಭದ ದಿನಗಳಲ್ಲಿ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದಕ್ಕೆ ನೂರಾರು ಪಟ್ಟು ತೆರಬೇಕಿತ್ತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಈ ಬಿದಿರು ಬರಿದಾದ ಬಗೆಯನ್ನು ಅಧ್ಯಯನ ಮಾಡಿದರು. ಮೇದಾರ ಕೇತಯ್ಯನ ಊರಿನಲ್ಲಿ ಹೊಸ ಕಾಗದ ಕೊಂಡು ಚೀಲ ಮಾಡಿಸುವ ಮೇಷ್ಟ್ರು ಇದನ್ನು ತಿಳಿದಿರಬೇಕು. ಹಳೆಯ ಪತ್ರಿಕೆ, ಮುಗಿದ ನೋಟ್‌ಬುಕ್ಕಿನ ರಟ್ಟು, ಅಂಗಡಿಗೆ ಬಂದ ಪೊಟ್ಟಣದ ಕಂದು ಹಾಳೆ (ಸಿಮೆಂಟ್ ಚೀಲದ್ದಲ್ಲ), ಇವೇ ಸಾಕು.

● ಕಾಗದ ಮರದಿಂದಲೇ ಆಗಬೇಕೆಂದಿಲ್ಲ. ಕಬ್ಬು ಅರೆದು ಉಳಿದ ಸಿಪ್ಪೆಯಿಂದಲೂ ಆಗುತ್ತದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ತಮಿಳುನಾಡಿನ ಕರೂರಿನ ಸರ್ಕಾರಿ ಕಾಗದ ಕಾರ್ಖಾನೆ ಎರಡೂ ಆ ಸಿಪ್ಪೆ ಬಳಸಿದವು. ಹುಮನಾಬಾದ್ ಸೀಮೆಯಲ್ಲಿ ಕಬ್ಬಿಗೇನು ಕೊರತೆ? ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನೇ ಕಟ್ಟಿದ ನೆಲ ಅದು. ಆದರೆ ಸಕ್ಕರೆ ಕಾರ್ಖಾನೆಗಳು ಸಿಪ್ಪೆಯನ್ನು ಹೆಚ್ಚಾಗಿ ಸುಡುವುದು ತಮ್ಮ ಬಾಯ್ಲರ್‌ನಲ್ಲೇ.

● ಜೋಳದ ರೊಟ್ಟಿಗೆ ನಂಚಿಕೊಳ್ಳುವ ಪುಂಡಿಪಲ್ಯದ ಗಿಡವೂ ಕಾಗದ ಕೊಡುತ್ತದೆ. ಎಲೆ ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ. ಕೆನಾಫ್ ಎಂಬ ಹೆಸರಿನಲ್ಲಿ ಹೊರದೇಶಗಳು ಅದೇ ನಾರಿನಿಂದ ಪತ್ರಿಕೆ ಮುದ್ರಿಸುವ ಕಾಗದ ಮಾಡಿ ನೋಡಿವೆ. ಚೀಲದ ಹಿಡಿಕೆಗೆ ಪ್ಲಾಸ್ಟಿಕ್ ದಾರ ಕೊಳ್ಳುವ ಮೊದಲು ಹಿತ್ತಲಲ್ಲಿ ಒಮ್ಮೆ ನೋಡಿ.

● ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾದದ್ದು 2016ರ ಮಾರ್ಚ್ 11ರ ಅಧಿಸೂಚನೆಯಿಂದ. ದಪ್ಪ ಎಷ್ಟೇ ಇರಲಿ, ನಿಷೇಧ. ಹಾಲಿನ ಪೊಟ್ಟಣ, ಸಸಿ ಬೆಳೆಸುವ ಚೀಲಗಳಂಥವಕ್ಕೆ ವಿನಾಯಿತಿ. ಅದೇ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇದೆ. ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಫ್ಲೆಕ್ಸ್ ಕಟ್ಟಿ ಪರಿಸರ ದಿನ ಮಾಡುವವರು ದಯವಿಟ್ಟು ಗಮನಿಸಿ.

● ಕೇಂದ್ರ ಸರ್ಕಾರದ ನಿಯಮದಲ್ಲಿ ಕ್ಯಾರಿಬ್ಯಾಗಿನ ಕನಿಷ್ಠ ದಪ್ಪ ಏರುತ್ತ ಬಂದ ಬಗೆ ಹೀಗೆ: 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120.

● ಬಟ್ಟೆಯಂತೆ ಕಾಣುವ, ಬಣ್ಣ ಬಣ್ಣದ, ತೆಳುವಾದ ಚೀಲವೊಂದು ಈಗ ಎಲ್ಲ ಅಂಗಡಿಗಳಲ್ಲೂ ಇದೆಯಲ್ಲ, ಅದು ಬಟ್ಟೆಯಲ್ಲ. ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರವಾದುದನ್ನು ಕೇಂದ್ರದ ನಿಯಮ ಒಪ್ಪುವುದಿಲ್ಲ. ಗುರುತಿಸಲು ಮೂಲೆಯೊಂದನ್ನು ದೊಡ್ಡವರ ಎದುರಿಗೆ ಬೆಂಕಿಗೆ ಹಿಡಿದರೆ ಸಾಕು. ಹತ್ತಿ ಉರಿದು ಬೂದಿಯಾಗುತ್ತದೆ, ಇದು ಕರಗಿ ಉಂಡೆಯಾಗುತ್ತದೆ.

● ಹಳೆಯ ಪತ್ರಿಕೆಯ ಚೀಲದಲ್ಲಿ ಬಿಸಿ ಮಿರ್ಚಿಭಜಿ ಕಟ್ಟಿಕೊಡಬಾರದು. ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ, ಆಹಾರವನ್ನು ಪತ್ರಿಕೆಯಲ್ಲಿ ಸುತ್ತುವುದನ್ನು 2018ರ ಆಹಾರ ಸುರಕ್ಷತಾ ನಿಯಮವೇ ನಿಷೇಧಿಸಿದೆ. ಮಕ್ಕಳ ಚೀಲ ಸಾಬೂನು, ಬಳೆ, ಪುಸ್ತಕ, ತೆಂಗಿನಕಾಯಿ, ಮೊದಲೇ ಪೊಟ್ಟಣವಾದ ಬೇಳೆಕಾಳುಗಳಿಗೆ ಸರಿ. ಅಂಟಿಗೆ ಮೈದಾ ಕುದಿಸಿದರೆ ಸಾಕು. ಹುಳು ಹಿಡಿಯದಿರಲೆಂದು ರಟ್ಟು ಕಟ್ಟುವವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳ ಕೈಗೆ ಬೇಡ.

● ಬಾಲಿ ದ್ವೀಪದ ಅಕ್ಕತಂಗಿಯರಾದ ಮೆಲಾಟಿ ಮತ್ತು ಇಸಾಬೆಲ್ ವೈಸೆನ್ 2013ರಲ್ಲಿ ಪ್ಲಾಸ್ಟಿಕ್ ಚೀಲದ ವಿರುದ್ಧ ಚಳವಳಿ ಆರಂಭಿಸಿದಾಗ ಅವರ ವಯಸ್ಸು 12 ಮತ್ತು 10. ಬಾಲಿಯಲ್ಲಿ ನಿಷೇಧ ಬಂದದ್ದು 2019ರಲ್ಲಿ.

● ಚೀಲವನ್ನೇ ಪ್ರಚಾರದ ಸಾಧನ ಮಾಡಿಕೊಂಡವರು ನಮ್ಮಲ್ಲೇ ಇದ್ದರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ನಿಮ್ಮ ದುಶ್ಚಟ ಇದಕ್ಕೆ ಹಾಕಿ ಎಂದು ಬೇಡಿದರು. ಅದು ‘ಮಹಾಂತ ಜೋಳಿಗೆ’ ಎಂದೇ ಹೆಸರಾಯಿತು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

● ಇನ್ನು ಬಾಕಿ ಉಳಿದ ಪ್ರಶ್ನೆ: ಯಾವ ದಿನ? ಮಳೆ ಇರಬಾರದು, ಶಾಲೆ ನಡೆಯುತ್ತಿರಬೇಕು, ಪೇಟೆಯಲ್ಲಿ ಜನ ತುಂಬಿರಬೇಕು. ಹುಮನಾಬಾದ್‌ನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ಊರಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕ್ಷೇತ್ರಕ್ಕೆ ದತ್ತ ಜಯಂತಿಯ ಜನ ಸೇರುವುದು ಡಿಸೆಂಬರ್ ಸುಮಾರಿಗೆ. ಬಸವಕಲ್ಯಾಣದಲ್ಲಿ ಶರಣ ಕಮ್ಮಟ ಮತ್ತು ಅನುಭವ ಮಂಟಪ ಉತ್ಸವ ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಮೂರೂ ಒಣ ಹವೆಯ ದಿನಗಳು. ಕಾಯಿ, ಕರ್ಪೂರ, ಬಳೆ, ಬೆಂಡು ಬತ್ತಾಸು ಕೊಳ್ಳದ ಮನೆ ಇರುವುದಿಲ್ಲ. ಸಿಯಾಟಲ್‌ನ ಏಪ್ರಿಲ್ 22 ನಮ್ಮ ಪಾಲಿಗೆ ಈ ಮೂರು ಹಬ್ಬಗಳೇ.

● ಸಮಯ ಎಲ್ಲಿಂದ ತರುವುದು ಎನ್ನುವ ಗುರುಗಳಿಗೆ: ರಾಜ್ಯದ ಶಾಲೆಗಳಲ್ಲಿ ತಿಂಗಳಿಗೊಂದು ‘ಸಂಭ್ರಮ ಶನಿವಾರ’ ಇದೆ, ಮಕ್ಕಳು ಪುಸ್ತಕದ ಚೀಲ ಇಲ್ಲದೆ ಬರುವ ದಿನ. ಚೀಲವಿಲ್ಲದ ದಿನವೇ ಚೀಲ ಮಾಡಿಸಿ. ದೀಪಾವಳಿ ಮುಗಿದ ಕೂಡಲೇ ಹತ್ತಿರದ ಕಿರಾಣಿ ಅಂಗಡಿಯವರ ಹತ್ತಿರ ಹೋಗಿ, ‘ಜಾತ್ರೀಗೆ ನಮ್ಮ ಮಕ್ಕಳ ಚೀಲ ಇಟ್ಕೋತೀರೇನ್ರಿ?’ ಎಂದು ಕೇಳಿ ನೋಡಿ. ಅಂಗಡಿಯವರಿಗೂ ಒಂದು ಮಾತು: ಹ್ಞೂಂ ಅನ್ನಿ, ಚೀಲದ ಖರ್ಚು ಉಳಿಯುತ್ತದೆ.