ಹಗಲು ಮದುವೆ ಫೋಟೊ, ರಾತ್ರಿ ಗೇಮು

ಬೆಂಗಳೂರಿನ ಪುರಭವನದ ಹತ್ತಿರ ಬಸ್ಸಿಳಿದು, ಜೆ.ಸಿ. ರಸ್ತೆಯ ಕಾರು ಬಿಡಿಭಾಗಗಳ ಅಂಗಡಿಗಳನ್ನು ದಾಟಿ ಎಸ್.ಪಿ. ರೋಡಿಗೆ ಹೊಕ್ಕರೆ ಕಂಪ್ಯೂಟರಿಗಿಂತ ಮೊದಲು ಕಣ್ಣಿಗೆ ಬೀಳುವುದು ಪಂಪು, ಮೋಟಾರು, ವೈರಿನ ಸುರುಳಿ, ಅವುಗಳ ನಡುವೆ ದಾರಿ ಮಾಡಿಕೊಳ್ಳುವ ತಳ್ಳುಗಾಡಿ. ಕಂಪ್ಯೂಟರ್ ಅಂಗಡಿಗಳು ಇಕ್ಕಟ್ಟಿನ ಮೆಟ್ಟಿಲುಗಳ ಮೇಲೆ, ಕಾಂಪ್ಲೆಕ್ಸುಗಳ ಒಳಗೆ ಸಾಲಾಗಿ ಕೂತಿವೆ. ಗಾಜಿನ ಕೌಂಟರಿನ ಮುಂದೆ ಹುಡುಗರು ಕೊಟೇಶನ್ ಚೀಟಿ ಹಿಡಿದು ನಿಂತಿರುತ್ತಾರೆ. ಎಂಟೋ ಒಂಬತ್ತೋ ಸಾಲಿನ ಚೀಟಿ. ಅದನ್ನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಒಯ್ದು, ಐನೂರು ರೂಪಾಯಿ ಇಳಿಸಿ, ಮತ್ತೆ ಮೊದಲನೆಯ ಅಂಗಡಿಗೇ ಬರುತ್ತಾರೆ.

ನಾನು ಅಲ್ಲಿಗೆ ಹೋದದ್ದು ಅಕ್ಕನ ಮಗನ ಜೊತೆ. ಹಾಸನದಲ್ಲಿ ಮದುವೆ, ನಾಮಕರಣಗಳ ಫೋಟೊ ತೆಗೆಯುವುದು ಅವನ ಕಸುಬು. ರಾತ್ರಿ ಗೆಳೆಯರ ಜೊತೆ ಎರಡು ತಾಸು ಗೇಮ್ ಆಡದಿದ್ದರೆ ಅವನಿಗೆ ನಿದ್ದೆ ಹತ್ತದು. ಎರಡಕ್ಕೂ ಒಂದೇ ಪಿಸಿ ಬೇಕು, ಬಿಡಿಭಾಗ ಆರಿಸಿ ಕಟ್ಟಿಸಿಕೊಳ್ಳುತ್ತೇನೆ ಎಂದ. ಚೀಟಿಯನ್ನು ಊರಲ್ಲೇ ಬರೆದು ತಂದಿದ್ದ. ಮೇಲಿನ ಎರಡು ಸಾಲು, ಅಂದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್, ಮುಕ್ಕಾಲು ಪಾಲು ದುಡ್ಡು ನುಂಗಿದ್ದವು. ಕೊನೆಯ ಎರಡು ಸಾಲಿನಲ್ಲಿ ‘ಮಾನಿಟರ್ – ಯಾವುದಾದರೂ 27 ಇಂಚು’, ‘ಎಸ್‌ಎಂಪಿಎಸ್ – ಸಾಧಾರಣ’ ಎಂದಿತ್ತು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಸೆಂಬಲ್ ಮಾಡುತ್ತಿರುವ, ತುಮಕೂರು ಕಡೆಯ ಒಬ್ಬರು ಆ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು. “ತಮ್ಮಾ, ಮೊದ್ಲು ಇವೆರಡು ಸರಿ ಮಾಡ್ಕೊ. ಮೇಲಿಂದು ಯಾವಾಗ್ ಬೇಕಾದ್ರೂ ಬದ್ಲಾಯಿಸ್ಬೋದು” ಎಂದರು. ಅವತ್ತಿನಿಂದ ನಾನು ಯಾರ ಚೀಟಿ ಕಂಡರೂ ಕೆಳಗಿನಿಂದಲೇ ಓದುತ್ತೇನೆ. ಕಣ್ಣಿಗೆ ಕಾಣುವ ಪರದೆ ಒಂದು ತುದಿ, ಗೋಡೆಯಿಂದ ಬರುವ ಕರೆಂಟು ಇನ್ನೊಂದು ತುದಿ. ಈ ಎರಡು ತುದಿ ಭದ್ರವಾಗಿದ್ದರೆ ನಡುವಿನದ್ದನ್ನು ದುಡ್ಡು ಕೂಡಿದ ಹಾಗೆ ಬೆಳೆಸಿಕೊಳ್ಳಬಹುದು.

ಹೀಗೆ ಬೇರೆ ಬೇರೆ ಕಂಪನಿಗಳ ತುಂಡುಗಳನ್ನು ತಂದು ಜೋಡಿಸಲು ಸಾಧ್ಯವಾದದ್ದರ ಹಿಂದೆ ಒಂದು ಕಥೆಯಿದೆ. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಬಹುಪಾಲು ಭಾಗಗಳನ್ನು ಹೊರಗಿನಿಂದ ಕೊಂಡು ಬಳಸಿತು, ಒಳಗಿನ ನಕ್ಷೆಯನ್ನೂ ಪ್ರಕಟಿಸಿತು. ಹೀಗಾಗಿ ಬೇರೆಯವರೂ ಅದಕ್ಕೆ ಹೊಂದುವ ಕಾರ್ಡುಗಳನ್ನು ಮಾಡತೊಡಗಿದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ತಂದಿತು. ಮದರ್‌ಬೋರ್ಡಿನ ಸ್ಕ್ರೂ ತೂತು ಎಲ್ಲಿರಬೇಕು, ಕರೆಂಟಿನ ಪ್ಲಗ್ ಹೇಗಿರಬೇಕು ಎಂಬುದೆಲ್ಲ ಆಗ ನಿಗದಿಯಾಯಿತು. ಇವತ್ತು ಒಂದು ದೇಶದ ಬೋರ್ಡು ಇನ್ನೊಂದು ದೇಶದ ಕ್ಯಾಬಿನೆಟ್ಟಿನಲ್ಲಿ ಅಳುಕದೆ ಕೂರುವುದು ಆ ಅಳತೆಯಿಂದ.

ಈಗ ಪರದೆಯ ಮಾತು. ಹಿಂದಿನ ವರ್ಷ ನನ್ನ ಸೋದರಳಿಯ ತೆಗೆದ ಒಂದು ಅರಿಶಿನ ಶಾಸ್ತ್ರದ ಚಿತ್ರಗಳು ಹಳೆಯ ಲ್ಯಾಪ್‌ಟಾಪಿನಲ್ಲಿ ಫಳಫಳ ಹೊಳೆಯುತ್ತಿದ್ದವು. ಆಲ್ಬಂ ಅಚ್ಚಾಗಿ ಬಂದಾಗ ಮದುಮಗಳು ಮುಸ್ಸಂಜೆಯಲ್ಲಿ ಕುಳಿತ ಹಾಗಿದ್ದಳು. ಅರಿಶಿನದ ಬಣ್ಣ ಇಟ್ಟಿಗೆಯ ಕಡೆಗೆ ವಾಲಿತ್ತು. ಮನೆಯವರಿಗೆ ಬೇಸರ, ಇವನಿಗೆ ಅವಮಾನ. ತಪ್ಪು ಪರದೆಯದು. ಬೆಳಕನ್ನು ತುತ್ತತುದಿಗೆ ಏರಿಸಿಟ್ಟು ಎಡಿಟ್ ಮಾಡಿದರೆ ಕಣ್ಣಿಗೆ ಚಿತ್ರ ಬೆಳ್ಳಗೆ ಕಾಣುತ್ತದೆ, ಕೈ ತಾನಾಗಿಯೇ ಅದನ್ನು ಕತ್ತಲು ಮಾಡುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅಚ್ಚಿಗೆ ಹೋಗುವ ಚಿತ್ರಗಳನ್ನು ತಿದ್ದುವವರು ಪರದೆಯ ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದ ನಡುವೆ ಇಟ್ಟುಕೊಳ್ಳುವುದು ರೂಢಿ. ಗೇಮಿಂಗ್ ಮಾನಿಟರುಗಳು ಇದರ ಎರಡು, ಮೂರು ಪಟ್ಟು ಬೆಳಗಬಲ್ಲವು.

ಬಣ್ಣದ್ದೂ ಇದೇ ಪಾಡು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ 1996ರಲ್ಲಿ ರೂಪಿಸಿದ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯೇ ಇವತ್ತಿಗೂ ಮೊಬೈಲಿನಿಂದ ಆಲ್ಬಂ ಲ್ಯಾಬಿನವರೆಗೆ ಹೆಚ್ಚಿನವರು ನಂಬಿರುವ ಅಳತೆ. ಈಚಿನ ಗೇಮಿಂಗ್ ಪರದೆಗಳು ಅದಕ್ಕಿಂತ ಅಗಲವಾದ ಬಣ್ಣಗಳನ್ನು ತೋರಿಸುತ್ತವೆ. ಆಟದಲ್ಲಿ ಕಾಡು, ಬೆಂಕಿ, ಆಕಾಶ ಎಲ್ಲ ಕಳೆಗಟ್ಟುತ್ತವೆ, ನಿಜ. ಆದರೆ ಹಾಗೆಯೇ ಬಿಟ್ಟರೆ ಮದುಮಗನ ಕೆನ್ನೆಯೂ ಕೆಂಪೇರುತ್ತದೆ. ಆದ್ದರಿಂದ ಎರಡೂ ಕೆಲಸಕ್ಕೆ ಆರಿಸುವವರು ನೋಡಬೇಕಾದದ್ದು ಇಷ್ಟು: ಐಪಿಎಸ್ ಪ್ಯಾನೆಲ್, 27 ಇಂಚಿಗೆ 2560 ಗುಣಿಸು 1440 ಚುಕ್ಕಿಗಳು, 144 ಹರ್ಟ್ಸ್ ಅಥವಾ ಮೇಲೆ, ಮತ್ತು ಗುಂಡಿ ಒತ್ತಿದರೆ ಬರುವ ಒಳ್ಳೆಯ ಎಸ್‌ಆರ್‌ಜಿಬಿ ಮೋಡ್. 60 ಹರ್ಟ್ಸಿನ ಪರದೆ ಹೊಸ ಚಿತ್ರ ತೋರಲು 16 ಮಿಲಿಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡರೆ, 144ರದ್ದು ಏಳರೊಳಗೆ ಮುಗಿಸುತ್ತದೆ. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಈ ಅಂತರ ಕೈಗೆ ತಿಳಿಯುತ್ತದೆ. ಓಎಲ್‌ಇಡಿ ಪರದೆಯ ಕಪ್ಪು ಬಲು ಚೆಂದ. ಆದರೆ ದಿನಕ್ಕೆ ಎಂಟು ತಾಸು, ಫೋಟೊ ತಿದ್ದುವ ಲೈಟ್‌ರೂಮಿನ ಅದೇ ಪಟ್ಟಿ ಅದೇ ಜಾಗದಲ್ಲಿ ನಿಂತಿದ್ದರೆ ಅದರ ಅಚ್ಚು ಪರದೆಯಲ್ಲಿ ಉಳಿದುಬಿಡುವ ಅಪಾಯವಿದೆ. ಕಸುಬಿನವರಿಗೆ ನಾನು ಅದನ್ನು ಹೇಳಲಾರೆ.

ಪರದೆಯ ಮೇಲಿಟ್ಟು ಬಣ್ಣ ಅಳೆಯುವ ಪುಟ್ಟ ಕ್ಯಾಲಿಬ್ರೇಟರ್ ಸಿಗುತ್ತದೆ. ಒಬ್ಬರಿಗೇ ದುಬಾರಿ ಎನಿಸಿದರೆ ಊರಿನ ನಾಲ್ಕು ಸ್ಟುಡಿಯೊದವರು ಸೇರಿ ಒಂದು ತರಿಸಿ, ತಿಂಗಳಿಗೊಮ್ಮೆ ಸರದಿಯಲ್ಲಿ ಬಳಸಬಹುದು.

ಇನ್ನೊಂದು ತುದಿ ಕರೆಂಟು. ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಒಗ್ಗುವ ಹಾಗೆ ಇಳಿಸಿ ಹಂಚುವ ಡಬ್ಬಿಯೇ ಎಸ್‌ಎಂಪಿಎಸ್. ಅದು ಕೆಟ್ಟರೆ ತಾನೊಂದೇ ಕೆಡುವುದಿಲ್ಲ. ಕೆಲವೊಮ್ಮೆ ಬೋರ್ಡು, ಡಿಸ್ಕುಗಳನ್ನೂ ಕರೆದುಕೊಂಡು ಹೋಗುತ್ತದೆ. ಡಬ್ಬಿಯ ಮೇಲಿರುವ ‘80 ಪ್ಲಸ್’ ಗುರುತನ್ನು ನೋಡಿ ಹಲವರು ನಿಶ್ಚಿಂತರಾಗುತ್ತಾರೆ. 2004ರಲ್ಲಿ ಶುರುವಾದ ಈ ಗುರುತು ಹೇಳುವುದು ಎಷ್ಟು ವಿದ್ಯುತ್ತು ವ್ಯರ್ಥವಾಗದೆ ಒಳಗೆ ತಲುಪುತ್ತದೆ ಎಂಬುದನ್ನು ಮಾತ್ರ. ಗೋಲ್ಡ್ ದರ್ಜೆಯದಾದರೆ ಅರ್ಧ ಹೊರೆಯಲ್ಲಿ ಸುಮಾರು ಶೇ 90. ಒಳಗಿನ ಕೆಪಾಸಿಟರುಗಳು ಎಂಥವು, ಓಲ್ಟೇಜ್ ಏರಿದಾಗ ತಾನಾಗಿ ಆರುತ್ತದೆಯೇ ಎಂಬುದನ್ನು ಅದು ಹೇಳದು. ಅದಕ್ಕಿಂತ ಕಂಪನಿ ಕೊಡುವ ವಾರಂಟಿಯ ವರ್ಷಗಳನ್ನು ಎಣಿಸುವುದು ಮೇಲು. ಏಳು, ಹತ್ತು ವರ್ಷ ಕೊಡುವವರು ತಮ್ಮ ಸರಕನ್ನು ನಂಬಿದ್ದಾರೆ ಎಂದರ್ಥ.

ಯುಪಿಎಸ್ ಬಗ್ಗೆ ಯಾವ ಚೀಟಿಯಲ್ಲೂ ಸಾಲೇ ಇರುವುದಿಲ್ಲ. ನಮ್ಮಲ್ಲಿ ಹಲವರ ಮನೆಯಲ್ಲಿರುವ 600 ವಿಎ ಯುಪಿಎಸ್ ನಿಜಕ್ಕೂ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಲೆಕ್ಕ ಹಾಕಿ: ಪ್ರೊಸೆಸರಿಗೆ 90, ಗ್ರಾಫಿಕ್ಸ್ ಕಾರ್ಡಿಗೆ 180, ಬೋರ್ಡು, ಫ್ಯಾನು, ಡಿಸ್ಕಿಗೆ 60, ಮಾನಿಟರಿಗೆ 40. ಮಳೆಗಾಲದ ಹಾಸನದಲ್ಲಿ ಆಟ ಬಿರುಸಾಗಿರುವಾಗಲೋ ಚಿತ್ರಗಳು ಎಕ್ಸ್‌ಪೋರ್ಟ್ ಆಗುತ್ತಿರುವಾಗಲೋ ಕರೆಂಟು ಹೋದರೆ, ಆ ಯುಪಿಎಸ್ ಒಮ್ಮೆ ಕೂಗಿ ಆರಿಬಿಡುತ್ತದೆ. 600 ವ್ಯಾಟ್ ಹೊರುವ ದರ್ಜೆಯದ್ದು ಬೇಕು. ಅದೂ ಸೈನ್ ವೇವ್ ಕೊಡುವಂಥದಾದರೆ ಇಂದಿನ ಎಸ್‌ಎಂಪಿಎಸ್‌ಗಳಿಗೆ ಒಗ್ಗುತ್ತದೆ. ಇದಕ್ಕೂ ಮೊದಲು ಮನೆಯ ಅರ್ತಿಂಗ್ ನೋಡಿಸಿ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ ಎಂದು ಎಷ್ಟೋ ಜನ ಹೇಳುತ್ತಾರೆ. ಅದು ಕಂಪ್ಯೂಟರಿನ ದೋಷವೆಂದುಕೊಂಡು ಅಂಗಡಿಗೆ ಹೊತ್ತು ತರುತ್ತಾರೆ. ಎಲೆಕ್ಟ್ರಿಷಿಯನ್ ಬಂದು ಹಿತ್ತಲಿನ ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹೊಯ್ದರೆ ಬಹಳಷ್ಟು ಸಲ ಅಲ್ಲಿಗೆ ಮುಗಿಯುತ್ತದೆ.

ನಡುವಿನ ಭಾಗಗಳಲ್ಲಿ ಆಟವೂ ಫೋಟೊವೂ ಬೇರೆ ಬೇರೆ ದಿಕ್ಕಿಗೆ ಎಳೆಯುವುದು ಪ್ರೊಸೆಸರಿನಲ್ಲಿ. ಎಎಂಡಿ 2022ರಲ್ಲಿ 5800ಎಕ್ಸ್3ಡಿ ಎಂಬ ಪ್ರೊಸೆಸರ್ ತಂದು, ಚಿಪ್ಪಿನ ಮೇಲೆ ಇನ್ನೊಂದು ಪದರ ಕ್ಯಾಶ್ ಕೂರಿಸಿ ಒಟ್ಟು 96 ಎಂಬಿ ಮಾಡಿತು. ಮುಂದಿನ 7800ಎಕ್ಸ್3ಡಿ, 9800ಎಕ್ಸ್3ಡಿಗಳಲ್ಲೂ ಹೆಚ್ಚುವರಿ ಕ್ಯಾಶ್ ಉಂಟು. ಆಟಕ್ಕೆ ಬೇಕಾದ ಸಣ್ಣಪುಟ್ಟ ಮಾಹಿತಿ ಅಡುಗೆಯವಳ ಕೈಗೆಟಕುವ ಒಗ್ಗರಣೆ ಡಬ್ಬಿಯಲ್ಲೇ ಇದ್ದ ಹಾಗೆ, ಉಗ್ರಾಣಕ್ಕೆ ಓಡಬೇಕಿಲ್ಲ. ಆದರೆ ಸಾವಿರ ಚಿತ್ರಗಳನ್ನು ಎಕ್ಸ್‌ಪೋರ್ಟ್ ಮಾಡುವಾಗ ಆ ಹೆಚ್ಚುವರಿ ಕ್ಯಾಶ್ ಅಷ್ಟಾಗಿ ಒದಗದು. ಅಲ್ಲಿ ಕೋರುಗಳ ಸಂಖ್ಯೆ ಮತ್ತು ವೇಗವೇ ಮುಖ್ಯ. ಹಾಗಾಗಿ ಅಸೆಂಬಲ್ ಮಾಡುವವರು ನಮ್ಮ ಹುಡುಗನ ಚೀಟಿಯಲ್ಲಿ ಎಕ್ಸ್3ಡಿ ಹೊಡೆದು ಹಾಕಿ, ಎಂಟು ಕೋರಿನ ಸಾದಾ ರೈಜನ್ 7 ಬರೆದರು. ಉಳಿದ ದುಡ್ಡು ಮಾನಿಟರಿಗೆ ಹೋಯಿತು. ಪ್ರೊಸೆಸರ್ ಕೂರುವ ಸಾಕೆಟ್ಟು ಎರಡಕ್ಕೂ ಅದೇ ಎಎಂ5 ಆದ್ದರಿಂದ ಎರಡು ವರ್ಷ ಬಿಟ್ಟು ಬೇಕೆನಿಸಿದರೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಹಿಂದಿನ ಎಎಂ4ರಲ್ಲಿ 2017ರ ಬೋರ್ಡು ಕೊಂಡವರಲ್ಲಿ ಹಲವರು ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿನಲ್ಲಿ 2022ರ ಪ್ರೊಸೆಸರ್ ಕೂರಿಸಿದ್ದಾರೆ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಹೆಸರನ್ನು ನಂಬಬೇಡಿ, ಮೆಮೊರಿಯನ್ನು ಓದಿ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎರಡೂ ರೂಪದಲ್ಲಿ ಮಾರಾಟವಾಗುತ್ತದೆ. ಈಚಿನ ದೊಡ್ಡ ಆಟಗಳು 8 ಜಿಬಿ ಮೀರಿದಾಗ ಚಿತ್ರ ತಡವರಿಸುತ್ತದೆ. ಫೋಟೊದವರಿಗೂ ಈ ಕಾರ್ಡು ಈಗ ಬೇಕೇ ಬೇಕು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಬಂದ ಎಐ ಡಿನಾಯ್ಸ್ ಇಡೀ ಭಾರ ಹಾಕುವುದು ಇದರ ಮೇಲೆಯೇ. ಛತ್ರದ ಮಂದ ಬೆಳಕಿನಲ್ಲಿ ತೆಗೆದ ಕಾಳುಕಾಳು ಚಿತ್ರವನ್ನು ಒಳ್ಳೆಯ ಕಾರ್ಡು ಕೆಲವೇ ಸೆಕೆಂಡಿನಲ್ಲಿ ನಯ ಮಾಡಿಕೊಟ್ಟರೆ, ಕಾರ್ಡಿಲ್ಲದ ಹಳೆಯ ಲ್ಯಾಪ್‌ಟಾಪು ಒಂದೊಂದಕ್ಕೂ ನಿಮಿಷಗಟ್ಟಲೆ ಕೂರಿಸುತ್ತದೆ. ಧಾರೆಯ ಐನೂರು ಚಿತ್ರವೆಂದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ರ‍್ಯಾಮ್ 32 ಜಿಬಿ ಇರಲಿ, ಎರಡು ಪಟ್ಟಿಗಳಾಗಿ ಇರಲಿ. ನಾಲ್ಕು ಪಟ್ಟಿ ತುಂಬಿದರೆ ಡಿಡಿಆರ್5ರ ವೇಗ ಕುಸಿಯುತ್ತದೆ. ಇದರ ಬೆಲೆ ಮಾತ್ರ 2025ರ ಕೊನೆಯಿಂದ ಕೈಸುಡುವಂತಾಗಿದೆ. ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಳ್ಳುತ್ತಿವೆ. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ನಮ್ಮ ಅಂಗಡಿಗಳಲ್ಲಿ ಚಿರಪರಿಚಿತವಾಗಿದ್ದ ಕ್ರೂಶಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ತುರ್ತಿಲ್ಲದವರು 16ರಲ್ಲಿ ಶುರು ಮಾಡಿ ಕಾಯಬಹುದು. ಫೋಟೊವೇ ಅನ್ನವಾದವರಿಗೆ ಆ ಸಲಹೆ ಕೊಡಲು ನನಗೆ ಮನಸ್ಸಾಗದು.

ಒಂದು ಮದುವೆಗೆ ಮೂರು ಸಾವಿರ ಚಿತ್ರ, ಒಂದೊಂದು ರಾ ಫೈಲು 30 ಎಂಬಿ ಎಂದರೂ 90 ಜಿಬಿ ಆಯಿತು. ನಡೆಯುತ್ತಿರುವ ಕೆಲಸಕ್ಕೆ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದದ್ದಕ್ಕೆ ಹಳೆಯ ಕಾಲದ ಹಾರ್ಡ್ ಡಿಸ್ಕು, ಜೊತೆಗೆ ಮನೆಯಿಂದ ಹೊರಗೆ ಇನ್ನೊಂದು ನಕಲು. ಮದುವೆಯನ್ನು ಮತ್ತೊಮ್ಮೆ ಮಾಡಿಸಿ ಫೋಟೊ ತೆಗೆಯಲಾಗದು. ಕ್ಯಾಬಿನೆಟ್ಟಿಗೆ ಮುಂದೆ ಜಾಲರಿ, ತೊಳೆಯಲು ಬರುವ ಫಿಲ್ಟರ್ ಇದ್ದರೆ ಸಾಕು. ಬಣ್ಣದ ದೀಪಗಳು ಅವರವರ ಇಷ್ಟ.

ಬಿಲ್ಲಿನ ಬಗ್ಗೆ ಒಂದು ಮಾತು. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಸಿಗುವ ‘ಟ್ರೇ’ ಪ್ರೊಸೆಸರ್ ಅಗ್ಗ. ಆದರೆ ಅದಕ್ಕೆ ತಯಾರಕರ ನೇರ ವಾರಂಟಿ ಇರುವುದಿಲ್ಲ, ಅಂಗಡಿಯವರ ಮಾತೇ ಆಧಾರ. ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಸಾಕೆಟ್ಟಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನೂ ಎತ್ತಿಡಿ, ಬೋರ್ಡು ಸರ್ವಿಸಿಗೆ ಹೋದರೆ ಅದನ್ನು ಕೇಳುತ್ತಾರೆ.

ಜೋಡಣೆಯನ್ನು ನಾವು ಪಕ್ಕದಲ್ಲಿ ನಿಂತು ನೋಡಿದೆವು. 1718 ಸಂಪರ್ಕಗಳ ಸಾಕೆಟ್ಟಿಗೆ ಪ್ರೊಸೆಸರನ್ನು ಅವರು ಒತ್ತಲಿಲ್ಲ. ತ್ರಿಕೋನದ ಗುರುತು ಹೊಂದಿಸಿ ಕೈಬಿಟ್ಟರು, ಅದೇ ಕೂತಿತು. ಕಡಲೆಕಾಳಿನಷ್ಟು ಥರ್ಮಲ್ ಪೇಸ್ಟ್. ರ‍್ಯಾಮ್ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ. ವೈರುಗಳನ್ನು ಹಿಂದಿನಿಂದ ತಂದು, ಜಡೆ ಹೆಣೆದ ಹಾಗೆ ಕಟ್ಟಿದರು. ಮಾನಿಟರಿನ ಕೇಬಲ್ಲನ್ನು ಹುಡುಗ ಬೋರ್ಡಿಗೆ ಸಿಕ್ಕಿಸಹೋದ. ಅವರು ಕೈ ಹಿಡಿದು ಕೆಳಗಿನ ಗ್ರಾಫಿಕ್ಸ್ ಕಾರ್ಡಿನ ಕಡೆಗೆ ತಂದರು. “ಇಲ್ಲಿಗ್ ಹಾಕು ತಮ್ಮ. ಮೇಲ್ ಹಾಕ್ಕೊಂಡು ಗೇಮ್ ಓಡ್ತಿಲ್ಲ ಅಂತ ವಾಪಸ್ ಬಂದೋರು ಬಾಳಾ ಜನ.”

ಸ್ವಿಚ್ ಒತ್ತಿದರು. ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಇತ್ತು. ಒಂದು ನಿಮಿಷವಾಯಿತು, ಎರಡಾಯಿತು. ಹುಡುಗನ ಮುಖ ಸಣ್ಣದಾಯಿತು. “ಆಫ್ ಮಾಡೋಣ್ವಾ ಅಣ್ಣ?” ಎಂದ. “ಬೇಡ. ಹೊಸ ಬೋರ್ಡು, ಹೊಸ ರ‍್ಯಾಮು. ಮೊದಲ್ನೇ ಸಲ ಒಂದಕ್ಕೊಂದು ಪರಿಚಯ ಮಾಡ್ಕೋತಾವೆ, ಟೈಮ್ ಹಿಡಿಯುತ್ತೆ” ಎಂದು ಅವರು ಸ್ಕ್ರೂ ಡ್ರೈವರ್ ಕೆಳಗಿಟ್ಟು, ಕೆಳಗಿನ ಅಂಗಡಿಯಿಂದ ಮೂರು ಟೀ ತರಿಸಿದರು. ಲೋಟ ಅರ್ಧ ಮುಗಿಯುವ ಹೊತ್ತಿಗೆ ಪರದೆಯ ನಡುವೆ ಬೋರ್ಡಿನ ಹೆಸರು ಮೂಡಿತು.